ಬಸವಂತರಾಯರ ಮೂರು ಕಿಸೆಗಳು

ಅತನೂರಿನ ಸುಭದ್ರಾಬಾಯಿ ಗಂಡನ ಹೆಸರನ್ನು ಬರಿದೇ ಬಾಯಿಗೆ ತಂದವಳಲ್ಲ. ಕರೆಯಬೇಕಾದರೆ "ಏನ್ರಿ", ಸಿಟ್ಟು ಬಂದರೆ "ಏನ್ರೀ ನಿಮಗೇ", ಊರವರೆದುರು "ನಮ್ಮ ಮನಿಯವರು". ಆ ಹೆಸರು ಹೊರಗೆ ಬರಬೇಕೆಂದರೆ ಎಲ್ಲಾದರೂ ಮದುವೆಯೋ ಕುಬಸವೋ ಆಗಬೇಕು, ಹೆಂಗಸರು ಹೊಸ್ತಿಲಿಗೆ ಅಡ್ಡ ನಿಂತು "ಗಂಡನ ಹೆಸರು ಹೇಳಿ ಒಳಗ ಬರ್ರಿ" ಎಂದು ಹಟ ಹಿಡಿಯಬೇಕು. ಆಗ ಅವಳು ಸೆರಗು ಸರಿಮಾಡಿಕೊಂಡು ಒಡಪು ಹೇಳುತ್ತಿದ್ದಳು. ಪ್ರಾಸದ ಪಲ್ಲಕ್ಕಿ ಕಟ್ಟಿ, ಅದರೊಳಗೆ ರಾಜಕುಮಾರನನ್ನು ಕೂರಿಸಿ ತಂದ ಹಾಗೆ "ಬಸವಂತರಾಯರು" ಎಂಬ ಹೆಸರನ್ನು ತಂದು ಇಳಿಸುವಳು. ಇಡೀ ಅಫಜಲಪುರ ತಾಲೂಕಿನಲ್ಲಿ ಆಕೆಗೆ ಎದುರು ಒಡಪು ಹೇಳುವ ಹೆಂಗಸು ಇನ್ನೂ ಹುಟ್ಟಬೇಕಿತ್ತು.

ಹುಟ್ಟಿಯಾಗಿತ್ತು. ಆದರೆ ಅವಳು ಜೇವರ್ಗಿಯಲ್ಲಿದ್ದಳು.

ಮೊಮ್ಮಗಳು ಐಶ್ವರ್ಯಾಳನ್ನು ಜೇವರ್ಗಿಯ ಸಿದ್ದಲಿಂಗನಿಗೆ ಕೊಡುವುದೆಂದು ಮಾತಾಯಿತು. ಹುಡುಗ ಒಳ್ಳೆಯವನು. ಹುಡುಗನ ಅಜ್ಜಿ ಜಗದೇವಿ ಮಾತ್ರ ಬೇರೆಯೇ ಬೆಳೆ. ತವರು ಆಳಂದ, ಒಂದು ಕಾಲು ಕನ್ನಡದಲ್ಲಿ, ಇನ್ನೊಂದು ಕಾಲು ಮರಾಠಿಯಲ್ಲಿಟ್ಟು ಒಡಪು ಹೇಳುವವಳು. ನಿಶ್ಚಯದ ದಿನ ಆಕೆ ತನ್ನ ಗಂಡನ ಹೆಸರನ್ನು ತುಳಜಾಪುರದಿಂದ ಹೊರಡಿಸಿ, ಗಾಣಗಾಪುರದಲ್ಲಿ ಊಟ ಮಾಡಿಸಿ, ಜೇವರ್ಗಿಯ ಪಡಸಾಲೆಗೆ ತಂದು ಕೂರಿಸಿದಳು. ಹೆಂಗಸರೆಲ್ಲ ಓಹೋ ಎಂದರು. ಆಮೇಲೆ ಸುಭದ್ರಾಬಾಯಿಯ ಸರದಿ.

ಸುಭದ್ರಾಬಾಯಿಯ ಮುಂದಿನ ಹಲ್ಲೊಂದು ಕೆಲವು ದಿನಗಳಿಂದ ಅಲುಗಾಡುತ್ತಿತ್ತು. ವಸಡು ಬಾತು ಕೆಂಪಾಗಿ, ಉಗುಳಿದರೆ ರಕ್ತ ಕಾಣುತ್ತಿತ್ತು. ಆಕೆ ಅದನ್ನು ಯಾರಿಗೂ ಹೇಳಿರಲಿಲ್ಲ. ಹಲ್ಲಿಗೂ ಹೇಳಿರಲಿಲ್ಲ, ಇವತ್ತು ಜರಾ ಸುಮ್ಮನಿರು ಎಂದು. "ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಸವದವರು ನೂರಾರು" ಎಂದು ಎತ್ತಿಕೊಂಡಳೋ ಇಲ್ಲವೋ, ಹಲ್ಲು ಗಾಳಿಗೆ ತೆರೆದ ಕಿಟಕಿಯ ಹಾಗೆ ಮುಂದಕ್ಕೆ ವಾಲಿತು.

"ಫಾಲಿನ್ಯಾಗ ಮೊದ್ಲ ಕುಂತವರು ನಮ್ಮ ಬಫವಂತರಾಯರು!"

ಜಗದೇವಿ ಕೆನ್ನೆಗೆ ಬೆರಳಿಟ್ಟು ಕೇಳಿದಳು, "ಬಫವಂತರಾಯ್ರು ಅಂದ್ರ ಯಾವ ಊರವರ್ರಿ? ನಮ್ಮ ಬೀಗರ ಹೆಸರು ಬ್ಯಾರೆ ಇತ್ತಲ್ಲ?"

ಪಡಸಾಲೆ ನಗೆಯಿಂದ ತುಂಬಿಹೋಯಿತು. ಆಚೆ ಗಂಡಸರ ಸಾಲಿನಲ್ಲಿ ಕುಳಿತ ಬಸವಂತರಾಯರೂ ಮೀಸೆಯೊಳಗೆ ನಕ್ಕರೆಂದು ಸುಭದ್ರಾಬಾಯಿಗೆ ಅನಿಸಿತು. ಬಸವಣ್ಣನ ಹೆಸರು, ಗಂಡನ ಹೆಸರು, ಎರಡನ್ನೂ ಒಂದೇ ಹಲ್ಲಿನಲ್ಲಿ ಕೆಡಿಸಿಬಿಟ್ಟೆನಲ್ಲ ಎಂದು ಆಕೆ ವಾಪಸ್ಸು ಬರುವಾಗ ಜೀಪಿನಲ್ಲಿ ಬಾಯಿಗೆ ಸೆರಗು ಒತ್ತಿಕೊಂಡೇ ಕುಳಿತಳು.

"ಏನಬೇ ಸುಭದ್ರಾ, ಅಷ್ಟ್ಯಾಕ ಮಾರಿ ಸಣ್ಣ ಮಾಡ್ಕೋತಿ? ನೀ ಏನ ಕರದ್ರೂ ನಾ ಓ ಅಂತೇನಿ," ಎಂದರು ಬಸವಂತರಾಯರು.

"ಮದಿವಿ ದಿನಾ ಹೊಸ್ತಿಲದಾಗ ಆಕಿ ಮತ್ತ ಅಡ್ಡ ನಿಂದರ್ತಾಳ," ಎಂದಳು ಸುಭದ್ರಾಬಾಯಿ. "ಆವಾಗೂ ಹಿಂಗೇ ಆದ್ರ, ಮೊಮ್ಮಗಳಿಗೆ ಸಾಯೂ ತನಕ ಬಫವಂತರಾಯ್ರ ಮೊಮ್ಮಗಳು ಅಂತಾರ."

ಹಾಗಾಗಿ ಐಶ್ವರ್ಯಾ ತನ್ನ ಆಯಿ ಸುಭದ್ರಾಬಾಯಿಯನ್ನು ಅಫಜಲಪುರದ ಹಲ್ಲಿನ ದವಾಖಾನೆಗೆ ಕರೆದೊಯ್ದಳು. ಹವಳಗಾ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿತ್ತು. ಟ್ರ್ಯಾಕ್ಟರಿನಿಂದ ಎಳೆದುಕೊಂಡ ಕಬ್ಬಿನ ಗಳವನ್ನು ಹುಡುಗರು ಹಲ್ಲಿನಿಂದಲೇ ಸಿಗಿದು ತಿನ್ನುವುದನ್ನು ಸುಭದ್ರಾಬಾಯಿ ಕಿಟಕಿಯಿಂದ ನೋಡಿದಳು. ಪರರ ಸಂಪತ್ತು ನೋಡಿದ ಹಾಗಾಯಿತು.

ದವಾಖಾನೆಯ ಡಾಕ್ಟರು ರಾಧಿಕಾ, ಧಮ್ಮಪಾಲ ಮಾಸ್ತರರ ಮಗಳು. ಮಾಸ್ತರರು ಅತನೂರಿನ ಸಾಲೆಯಲ್ಲಿ ಅರ್ಧ ಊರಿಗೆ ಮಗ್ಗಿ ಕಲಿಸಿದವರು. ಮಗಳಿಗೂ ಅದೇ ದನಿ, ಒಮ್ಮೆ ಹೇಳಿದರೆ ಮರೆಯಬಾರದು ಎನ್ನುವಂಥ ದನಿ. ಐಶ್ವರ್ಯಾಳ ಫೋನು ರಿಂಗಾಯಿತು. ಸಿದ್ದಲಿಂಗನದು. ಅವಳು ಹೊರಗೆ ಹೋದಳು. ಇಡೀ ಅನಾಹುತಕ್ಕೆ ಆ ಫೋನೇ ಕಾರಣವೆಂದು ಆಮೇಲೆ ಎಲ್ಲರೂ ಒಪ್ಪಿಕೊಂಡರು.

"ಮಿಸ್ರಿ ಹಚ್ಚತೀರೇನ್ರಿ ಆಯಿ?" ರಾಧಿಕಾ ಬಾಯೊಳಗೆ ದೀಪ ಹಾಕಿ ಕೇಳಿದಳು.

ಮಿಸ್ರಿ ಎಂದರೆ ಹುರಿದು ಕರ್ರಗೆ ಪುಡಿ ಮಾಡಿದ ತಂಬಾಕು. ಮುಂಜಾನೆ ಬೆರಳಿಗೆ ತಗೊಂಡು ವಸಡಿಗೆ ತಿಕ್ಕಿದರೆ ತಲೆಯಲ್ಲಿ ದೀಪಾವಳಿ. ಸುಭದ್ರಾಬಾಯಿಗೆ ಅದಿಲ್ಲದೆ ಹೊತ್ತು ಹುಟ್ಟುತ್ತಿರಲಿಲ್ಲ. ಆದರೆ ಐಶ್ವರ್ಯಾ ಅದನ್ನು ಬಿಡಿಸುತ್ತೇನೆಂದು ಮನೆಯ ಹಿಟ್ಟಿನ ಡಬ್ಬಿ, ಗೂಡು, ಹಾಸಿಗೆಯ ಸುರುಳಿ ಎಲ್ಲ ತಡಕಿ ಎಸೆದಿದ್ದಳು. ಉಳಿದದ್ದು ಅವಳು ಕೈಹಾಕಲಾರದ ಒಂದೇ ಜಾಗ, ಮುತ್ಯಾ ಬಸವಂತರಾಯರ ಅಂಗಿಯ ಕಿಸೆ. ಅಲ್ಲಿ ಮಿಸ್ರಿಯ ಕಾಗದದ ಪುಡಿಕೆ ಸುಖವಾಗಿತ್ತು. ಗಂಡ ಹೆಂಡತಿ ಹಿತ್ತಲಲ್ಲಿ ಕಳ್ಳರ ಹಾಗೆ ಕೊಡುಕೊಳ್ಳುವಿಕೆ ನಡೆಸುತ್ತಿದ್ದರು.

"ಬಿಟ್ಟು ಭಾಳ ದಿನ ಆತವ್ವಾ," ಎಂದಳು ಸುಭದ್ರಾಬಾಯಿ.

ರಾಧಿಕಾ ಕಪ್ಪಾದ ಹಲ್ಲುಗಳನ್ನು ನೋಡಿದಳು. ಗೀಟು ಕೊರೆದ ಸಣ್ಣ ಕಡ್ಡಿಯೊಂದನ್ನು ವಸಡಿನ ಅಂಚಿಗೆ ಇಳಿಸಿ ಅಳೆದಳು. ಆಮೇಲೆ ಮಶೀನು ಚಾಲೂ ಮಾಡಿ, ಹಲ್ಲಿನ ಬುಡಕ್ಕೆ ವರ್ಷಗಟ್ಟಲೆ ಕಟ್ಟಿದ್ದ ಗಟ್ಟಿ ಕಿಟ್ಟವನ್ನು ಕೆರೆದು ತೆಗೆದಳು. ನೀರು, ಗರ್ ಗರ್ ಸದ್ದು, ಕಿವಿಯೊಳಗೆ ಹಿಟ್ಟಿನ ಗಿರಣಿ. ಆ ಸದ್ದಿನ ನಡುವೆ ಡಾಕ್ಟರ ಮಾತು ಹೊಳೆಯ ಆಚೆ ದಂಡೆಯಿಂದ ಕೂಗಿದ ಹಾಗೆ ಬರುತ್ತಿತ್ತು.

"ಆಯಿ, ನಿಮಗ ಮೂರು ಕಿಸೆ ಆಗ್ಯಾವ್ರಿ. ಮುಂದಿಂದು ಭಾಳ ಆಳ ಅದ. ಬಾಜೂಕಿನವು ಎರಡು ಜರಾ ಕಮ್ಮಿ. ಹಿಂಗೇ ಬಿಟ್ರ ಕಿಸೆ ದೊಡ್ಡದಾಗ್ತದ, ಹಲ್ಲು ಬೀಳ್ತದ."

ಸುಭದ್ರಾಬಾಯಿ ಸೀರೆಯುಟ್ಟವಳು. ಹುಟ್ಟಿದಾಗಿನಿಂದ ಆಕೆಗೆ ಒಂದೂ ಕಿಸೆ ಇರಲಿಲ್ಲ. 'ನನಗ ಎಲ್ಲಿ ಕಿಸೆ ಅವ ತಾಯಿ, ಕಿಸೆ ಇರೋದು ನಮ್ಮ ಮನಿಯವರಿಗೆ' ಎಂದು ಕೇಳಿದಳು. ಬಾಯಿ ತುಂಬ ಹತ್ತಿ ಇತ್ತು. ಹೊರಬಂದದ್ದು ಎಮ್ಮೆಯ ಭಾಷೆ.

"ಹೌದ್ರಿ, ಹೌದ್ರಿ," ಎಂದಳು ರಾಧಿಕಾ ಸಮಾಧಾನದ ದನಿಯಲ್ಲಿ. ಹಸಿರು ಬಣ್ಣದ ಲೋಳೆಯಂಥ ಔಷಧವನ್ನು ಮೊಂಡು ಸೂಜಿಯಿಂದ ವಸಡಿಗೆ ಬಿಟ್ಟಳು. ತಂಪಾಗಿತ್ತು. "ಇದು ಗಿಡದ ಜೆಲ್. ಲೋಳಸರ, ಬೇವು, ಅರಿಶಿಣ, ದಾಳಿಂಬರ ಸಿಪ್ಪಿ. ಇವತ್ತ ನಾ ಹಾಕೇನಿ, ಮುಂದಿನ ವಾರನೂ ಹಾಕ್ತೇನಿ. ಮನ್ಯಾಗ ಮುಂಜಾನಿ ಸಂಜಿ ನೀವ ಹಚ್ಚರಿ, ಕಿಸೆದಾಗ ಇಳೀಬೇಕು ನೋಡ್ರಿ. ಮೂರಕ್ಕೂ."

ಹೀಗೆಂದು ಒಂದು ಟ್ಯೂಬು, ಒಂದು ಮೆತ್ತನೆ ಬ್ರಷ್ಷು ಕೈಗಿತ್ತಳು.

ಮನೆಗೆ ಬರುವಾಗ ಸುಭದ್ರಾಬಾಯಿ ದಾರಿಯುದ್ದಕ್ಕೂ ವಿಚಾರ ಮಾಡಿದಳು. ವಿಚಾರ ಮಾಡಿದಷ್ಟೂ ಸರಿ ಅನಿಸಿತು. ಬಸವಂತರಾಯರ ನೆಹರೂ ಅಂಗಿಗೆ ಇರುವುದು ಮೂರೇ ಕಿಸೆ. ಎದೆಯ ಮೇಲಿನದು ಮುಂದೆ, ಬಾಜೂಕೆ ಎರಡು. ಎದೆಯ ಕಿಸೆ ಭಾಳ ಆಳ. ಯುಗಾದಿಗೆ ಹೊಸ ಅಂಗಿ ಹೊಲಿಸುವಾಗ ಕನ್ನಡಕ ಹಿಡಿಯಲೆಂದು ದರ್ಜಿಗೆ ತಾವೇ ಹೇಳಿ ದೊಡ್ಡದು ಮಾಡಿಸಿದ್ದರು. ಹಲ್ಲು ಅಲುಗಾಡಲು ಶುರುವಾದದ್ದು ಯಾವಾಗ? ಯುಗಾದಿಯ ಆಚೆಗೇ! ಕಿಸೆ ದೊಡ್ಡದಾದರೆ ಹಲ್ಲು ಬೀಳುತ್ತದೆಂದು ಡಾಕ್ಟರು ಬಾಯೊಳಗೆ ನೋಡಿಯೇ ಹೇಳಿದರಲ್ಲ, ಎಂಥ ಓದು!

ಇನ್ನು ಗಂಡನ ಅಂಗಿಗೆ ಹಚ್ಚಿದ ಔಷಧ ಹೆಂಡತಿಯ ಹಲ್ಲಿಗೆ ಹೇಗೆ ಮುಟ್ಟುತ್ತದೆ ಎನ್ನುವ ಪ್ರಶ್ನೆ ಆಕೆಯನ್ನು ಕಾಡಲೇ ಇಲ್ಲ. ಚಿಕ್ಕಂದಿನಲ್ಲಿ ಕೇಳಿದ ಕಥೆಗಳಲ್ಲಿ ರಾಕ್ಷಸನ ಜೀವ ಏಳು ಸಮುದ್ರದ ಆಚೆ ಗಿಣಿಯೊಳಗೆ ಇರುತ್ತಿತ್ತು. ಗಿಣಿಯ ಕಾಲು ಮುರಿದರೆ ರಾಕ್ಷಸ ಇಲ್ಲಿ ಕುಂಟುತ್ತಿದ್ದ. ಏಳು ಸಮುದ್ರ ದಾಟುವ ವಿದ್ಯೆಗೆ ಹಿತ್ತಲಿನಿಂದ ಪಡಸಾಲೆ ಎಷ್ಟು ದೂರ?

"ಏನ್ರಿ, ಅಂಗಿ ಇತ್ತ ತರ್ರಿ," ಎಂದಳು ಮರುದಿನ ಮುಂಜಾನೆ.

"ಮೈಮ್ಯಾಲ ಅದಲ್ಲ?"

"ಹಂಗಾರ ಸುಮ್ಮ ನಿಂದರ್ರಿ."

ಎದೆಯ ಕಿಸೆಯೊಳಗೆ ತಣ್ಣನೆಯದೇನೋ ಜಾರಿದಾಗ ಬಸವಂತರಾಯರು ಹೆಗಲಿಗೆ ಓತಿಕ್ಯಾತ ಬಿದ್ದವರ ಹಾಗೆ ಕುಣಿದರು. "ಏಯ್, ಏಯ್! ಏನದು?"

"ನನ್ನ ಹಲ್ಲಿನ ಔಷಧ. ಡಾಕ್ಟರಬಾಯಿ ಹೇಳ್ಯಾಳ. ಮೂರೂ ಕಿಸೆಕ್ಕ, ಮುಂಜಾನಿ ಸಂಜಿ."

ಬಸವಂತರಾಯರು ಹೆಂಡತಿಯ ಮುಖ ನೋಡಿದರು. ನಿಶ್ಚಯದ ದಿನ ಸೆರಗು ಒತ್ತಿಕೊಂಡ ಮುಖ ನೆನಪಾಯಿತು. ಎಡಗಡೆಯ ಕಿಸೆಯನ್ನೂ ಅಗಲಿಸಿ ಹಿಡಿದರು. "ಹಚ್. ಜರಾ ಕಮ್ಮಿ ಹಚ್."

ಆ ದಿನದಿಂದ ಬಸವಂತರಾಯರು ಅಂಟುಮನುಷ್ಯರಾದರು. ಬಿಳಿ ಅಂಗಿಯ ಮೂರು ಕಡೆ ಹಸಿರು ಕಲೆ. ಬಿಸಿಲಿಗೆ ಒಣಗಿ ಬೇವಿನ ವಾಸನೆ. ದತ್ತಪ್ಪನ ಹೋಟೆಲಿನಲ್ಲಿ ಚಹಾ ಕುಡಿದು ಕಿಸೆಗೆ ಕೈ ಹಾಕಿದರೆ ಕೈಯೇ ವಾಪಸ್ಸು ಬರುತ್ತಿರಲಿಲ್ಲ.

"ಸಾವ್ಕಾರ್ರ ಕಿಸೆದಾಗಿಂದು ಹೊರಗ ಬರೂದಿಲ್ಲ ಅಂತ ಊರಾಗ ಮೊದ್ಲೇ ಅಂತಿದ್ರು," ದತ್ತಪ್ಪ ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ಈಗ ಕಣ್ಣಿಂದ ನೋಡಿದೆ."

"ಔಷಧಲೇ, ಔಷಧ."

"ಕಿಸೆಕ್ಕ ಜಡ್ಡೇನ್ರಿ?"

ಬಸವಂತರಾಯರು ಬಾಯಿ ಬಿಡಲಿಲ್ಲ. ಮನೆಯಲ್ಲೂ ಬಿಡುವಂತಿರಲಿಲ್ಲ. ಕಿಸೆಯ ಮಾತು ಎತ್ತಿದರೆ ಐಶ್ವರ್ಯಾ ಕಿಸೆ ನೋಡುತ್ತಾಳೆ, ಕಿಸೆ ನೋಡಿದರೆ ಮಿಸ್ರಿ ಸಿಗುತ್ತದೆ. ಅದಕ್ಕೆ ಅವರು ತಮ್ಮ ಅಂಗಿಯನ್ನು ತಾವೇ ಒಗೆಯತೊಡಗಿದರು. ಅತನೂರಿನ ಸಾವುಕಾರರು ಕಲ್ಲಿಗೆ ಅಂಗಿ ಬಡಿಯುವುದನ್ನು ಕಂಡ ನೆರೆಮನೆಯವರು, ಸುಭದ್ರಾಬಾಯಿಗೆ ಸೊಂಟ ಹಿಡಿದಿದೆಯೇನೋ ಎಂದು ಕೇಳಿಕೊಂಡು ಬಂದರು.

ನಿಜವಾದ ಕೇಡು ಬೇರೆಯೇ ಆಗಿತ್ತು. ಮಿಸ್ರಿಯ ಪುಡಿಕೆ ಮೊದಲ ದಿನವೇ ಜೆಲ್‌ನಲ್ಲಿ ನೆನೆದು ಸೆಗಣಿಯ ಉಂಡೆಯಂತಾಯಿತು. ಬಸವಂತರಾಯರು ಹೊಸದು ತಂದರು. ಅದೂ ಸಂಜೆಯ ಹೊತ್ತಿಗೆ ನೆನೆಯಿತು. ಮೂರೂ ಕಿಸೆಗೆ ಔಷಧ ಬೀಳುವುದರಿಂದ ಒಣ ಜಾಗವೇ ಉಳಿಯಲಿಲ್ಲ. ಬೇರೆ ಕಡೆ ಇಟ್ಟರೆ ಐಶ್ವರ್ಯಾಳ ಕೈ.

"ಒಂದು ಕಿಸೆ ಬಿಡಬಾರದೇನಬೇ?"

"ಮೂರಕ್ಕೂ ಅಂದಾಳ್ರಿ. ಮದಿವಿ ಮುಂದ ಅದ. ಬ್ಯಾಡೇ ಬ್ಯಾಡ."

ಆಕೆ ಎರಡನ್ನೂ ತಕ್ಕಡಿಯಲ್ಲಿಟ್ಟಳು. ಒಂದು ತಟ್ಟೆಯಲ್ಲಿ ಮಿಸ್ರಿ, ಇನ್ನೊಂದರಲ್ಲಿ ಹೊಸ್ತಿಲಲ್ಲಿ ನಿಂತ ಜಗದೇವಿ. ಜಗದೇವಿಯೇ ಭಾರ. ಮೊದಲು ತಲೆ ಸಿಡಿಯಿತು. ಎಲ್ಲರ ಮೇಲೂ ಹರಿಹಾಯ್ದಳು. ಎಮ್ಮೆ ಹೆಚ್ಚು ಹಾಲು ಕರೆಯುತ್ತದೆಂದು ಬೈದಳು, ಕಮ್ಮಿ ಕರೆಯುತ್ತದೆಂದೂ ಬೈದಳು. ಬೆರಳು ಸುಮ್ಮನಿರದೆ ಬಾಯಿಗೆ ಹೋಗುತ್ತಿತ್ತು. ತಿಕ್ಕಲು ಬೇರೇನೂ ಇಲ್ಲದೆ ಡಾಕ್ಟರು ಕೊಟ್ಟ ಬ್ರಷ್ಷನ್ನೇ ತಿಕ್ಕಿದಳು. ಬರುಬರುತ್ತಾ ಸೋಂಪು ಅಗಿದರೆ ಸಾಕಾಗತೊಡಗಿತು. ವಾರಕ್ಕೊಮ್ಮೆ ಅಫಜಲಪುರಕ್ಕೆ ಹೋಗಿ ಬಾಯಿ ತೆರೆದು ಕುಳಿತು ಬರುತ್ತಿದ್ದಳು. ರಾಧಿಕಾ ವಸಡಿನೊಳಗೆ ಔಷಧ ಬಿಡುತ್ತಿದ್ದಳು. ಅದು ಮೇಲಿನ ಪೂಜೆ, ಅಸಲು ಕೆಲಸ ಕಿಸೆಯದು ಎಂದು ಸುಭದ್ರಾಬಾಯಿ ತಿಳಿದಿದ್ದಳು.

ಮದುವೆಗೆ ಮುಂಚಿನ ಕೊನೆಯ ಸರ್ತಿ ಬಸವಂತರಾಯರೂ ದವಾಖಾನೆಗೆ ಬಂದರು. ಐಶ್ವರ್ಯಾ ಈ ಬಾರಿ ಫೋನು ಬಂದ್ ಮಾಡಿ ಒಳಗೇ ಕುಳಿತಿದ್ದಳು. ರಾಧಿಕಾ ಕಡ್ಡಿ ಇಳಿಸಿ ನೋಡಿದಳು, ಮತ್ತೆ ನೋಡಿದಳು. "ಬಹಳ ಛಲೋ ಆಗ್ಯದ್ರಿ ಆಯಿ! ರಕ್ತ ನಿಂತದ. ಕಿಸೆ ಅರ್ಧಕ್ಕರ್ಧ ತುಂಬ್ಯದ."

"ತುಂಬದ ಏನಾಗ್ತದ್ರಿ," ಎಂದರು ಬಸವಂತರಾಯರು ನಿಟ್ಟುಸಿರು ಬಿಟ್ಟು. "ಡಾಕ್ಟರಬಾಯಿ, ಜರಾ ದೊಡ್ಡ ಟ್ಯೂಬ್ ಇದ್ರ ಕೊಡ್ರಿ. ಇದು ಮೂರು ಕಿಸೆಕ್ಕ ಸಾಲವಲ್ದು. ಅಂಗಡ್ಯಾಗ ಇದ್ದದ್ದೆಲ್ಲಾ ತಂದು ಖಾಲಿ ಮಾಡೇನಿ."

"ಒಂದು ಟ್ಯೂಬ್ ಮದಿವಿ ತನಕ ಬರಬೇಕಿತ್ತಲ್ರಿ? ಬಟಾಣಿ ಕಾಳಿನಷ್ಟ ಹಚ್ಚೂದು. ಎಲ್ಲಿ ಹಚ್ಚಾಕತ್ತೀರಿ?"

ಬಸವಂತರಾಯರು ಎದ್ದು ನಿಂತು, ಎದೆಯ ಕಿಸೆಯನ್ನು ಒಳಹೊರಗು ಮಾಡಿ ತೋರಿಸಿದರು. ಅದರಿಂದ ಹಸಿರು ಹಕ್ಕಳೆ ಉದುರಿತು. ಬಾಜೂಕಿನ ಕಿಸೆಯಿಂದ ಕಲ್ಲಿನಂತೆ ಗಟ್ಟಿಯಾದ ಕರಿಹಸಿರು ಉಂಡೆಯೊಂದು ಬಿದ್ದು ಟೈಲ್ಸಿನ ಮೇಲೆ ಟಣ್ ಎಂದಿತು.

ರಾಧಿಕಾ ಅಂಗಿಯನ್ನು ನೋಡಿದಳು. ಆಯಿಯ ಬಾಯಿ ನೋಡಿದಳು. ಅವಳ ಕಣ್ಣು ದೊಡ್ಡದಾಗುತ್ತ ಹೋಯಿತು. ಬಾಯಿಗೆ ಕಟ್ಟಿದ ಮಾಸ್ಕಿನೊಳಗಿಂದ ಕುಕ್ಕರಿನ ಸೀಟಿಯಂಥ ಸದ್ದು ಬಂತು. ಮಾಸ್ತರರ ದನಿ ಎಲ್ಲೋ ಹೋಗಿ, ಗಾಲಿ ಹಚ್ಚಿದ ತನ್ನ ಕುರ್ಚಿಯ ಮೇಲೆ ಹೊಟ್ಟೆ ಹಿಡಿದುಕೊಂಡು ಗೋಡೆಯವರೆಗೆ ಉರುಳಿಹೋದಳು.

"ಆಯಿ... ಕಿಸೆ ಅಂದ್ರ ಅಂಗೀ ಕಿಸೆ ಅಲ್ರಿ! ವಸಡು ಹಲ್ಲು ಬಿಟ್ಟು ದೂರ ಸರದು ನಡುವ ಗುಂಡಿ ಆಗ್ತದಲ್ಲ, ಅದಕ್ಕ ನಾ ಕಿಸೆ ಅಂತೇನಿ. ಹಳ್ಳಿ ಮಂದಿಗೆ ಹಗುರಾಗಿ ತಿಳೀಲಿ ಅಂತ!"

"ತಿಳೀತಲ್ಲವ್ವಾ, ಹಗುರಾಗೇ ತಿಳೀತು," ಎಂದಳು ಸುಭದ್ರಾಬಾಯಿ. ಕಿವಿಯ ತುದಿ ಬಿಸಿಯಾಗಿತ್ತು.

"ಇನ್ನ ಮ್ಯಾಲ ಕಿಸೆ ಅನ್ನಂಗಿಲ್ಲ. ಸಂದಿ ಅಂತೇನಿ."

"ಸಂದಿ ಅಂದಿದ್ರ ಓಣಿ ಸಂದಿಗೆಲ್ಲಾ ಹಚ್ಚತಿದ್ದೆ."

ಅಷ್ಟರಲ್ಲಿ ಐಶ್ವರ್ಯಾ ನೆಲದ ಉಂಡೆಯನ್ನು ಎತ್ತಿ ಮೂಸಿದ್ದಳು. "ಆಯೀ! ಇದು ಮಿಸ್ರಿ! ಮುತ್ಯಾ, ನೀನೂ ಇದ್ರಾಗ ಶಾಮೀಲ?"

ಮುತ್ಯಾ ಗೋಡೆಯ ಮೇಲಿನ ಹಲ್ಲಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಸುಭದ್ರಾಬಾಯಿಯೇ ಎಲ್ಲ ಹೇಳಿದಳು: ಪುಡಿಕೆ, ಹಿತ್ತಲು, ನೆನೆದದ್ದು, ಬಿಟ್ಟದ್ದು. ಕೊನೆಗೆ ಸಣ್ಣ ದನಿಯಲ್ಲಿ ಕೇಳಿದಳು, "ಹಂಗಾದ್ರ ನನ್ನ ಹಲ್ಲು ಹ್ಯಾಂಗ ಗಟ್ಟಿ ಆತವ್ವಾ?"

ರಾಧಿಕಾ ಕಣ್ಣೊರೆಸಿಕೊಂಡು ಕುರ್ಚಿಯನ್ನು ವಾಪಸ್ಸು ಎಳೆದಳು. "ಹೊಲದಾಗ ಕಸ ಹಂಗೇ ಇಟ್ಟು ಗೊಬ್ಬರ ಹಾಕಿದ್ರ ಏನಾಗ್ತದ್ರಿ?"

"ಕಸಾನೇ ಕೊಬ್ಬತದ," ಎಂದರು ಬಸವಂತರಾಯರು, ಮಾತು ಬದಲಾದ ಸಂತೋಷಕ್ಕೆ.

"ಹಾಂ. ಕೆರದು ತಗದದ್ದು ದೊಡ್ಡ ಕೆಲಸ. ಅದರ ಮ್ಯಾಲ ಈ ಗಿಡದ ಜೆಲ್ ಜರಾ ಆಸರ ಕೊಡ್ತದ. ಬಾವು ಇಳೀಲಾಕ ಹಗುರ ಆಗ್ತದ. ನಾ ಒಳಗ ಹಾಕಿದ್ದಷ್ಟೇ ನಿಮಗ ಮುಟ್ಟ್ಯದ. ಬ್ರಷ್ ಮಾಡೀರಿ. ಎಲ್ಲಾಕ್ಕಿಂತ ಹೆಚ್ಚ, ಮಿಸ್ರಿ ಬಿಟ್ಟೀರಿ. ಇದ ಹಚ್ಚಿದ್ರ ಸಾಕು, ಕೆರ್ಯೂದು ಬ್ಯಾಡ ಅಂತ ಊರಾಗ ಹೇಳಬ್ಯಾಡ್ರಿ ಮತ್ತ."

ಹಾಗಾದರೆ ತಪ್ಪು ಕಿಸೆಗೆ ಬಿದ್ದ ಔಷಧವೇ ಮಿಸ್ರಿಯನ್ನು ಕೊಂದು ಸರಿಯಾದ ಕಿಸೆಯನ್ನು ಉಳಿಸಿತ್ತು. ಕೊನೆಗೂ ಗಿಣಿಯ ಕಥೆ ಸುಳ್ಳಾಗಲಿಲ್ಲವಲ್ಲ ಎಂದು ಸುಭದ್ರಾಬಾಯಿಗೆ ಒಳಗೊಳಗೇ ಖುಷಿಯಾಯಿತು.

ರಾಧಿಕಾ ಮುಂದಿನ ಹಲ್ಲಿಗೆ ಹಿಂಬದಿಯಿಂದ ಕೂದಲೆಳೆಯಂಥ ತಂತಿ ಅಂಟಿಸಿ, ಪಕ್ಕದ ಹಲ್ಲುಗಳ ಆಸರೆ ಕೊಟ್ಟಳು. "ಈಗ ಮುತ್ಯಾರ ಹೆಸರು ಹೇಳ್ರಿ, 'ಸ' ಬರ್ತದೇನ ನೋಡೂಣು."

ಸುಭದ್ರಾಬಾಯಿ ತುಟಿ ಬಿಗಿದಳು. "ಛೀ, ಹಂಗ ಒಡಪಿಲ್ಲದ ಹೇಳ್ತಾರೇನು? ಅದೂ ಅವರು ಇಲ್ಲೇ ನಿಂತಾಗ!"

"ಒಮ್ಮೆ ಪರೀಕ್ಷಾಕ್ಕ, ಆಯಿ," ಐಶ್ವರ್ಯಾ ಗೋಗರೆದಳು.

"ಬಾಗಿಲದಾಗೇ ಆಗ್ಲಿ ಅದು."

ಹೀಗಾಗಿ ಬಸವಂತರಾಯರು ಬಸವಂತರಾಯರೋ ಬಫವಂತರಾಯರೋ ಎನ್ನುವುದು ಯಾರಿಗೂ ಗೊತ್ತಾಗದೆಯೇ ದಿಬ್ಬಣ ಜೇವರ್ಗಿಗೆ ಹೊರಟಿತು. ಸುಭದ್ರಾಬಾಯಿ ದಾರಿಯಲ್ಲಿ ಒಂದು ಮಾತೂ ಆಡಲಿಲ್ಲ. ನಾಲಿಗೆಯಿಂದ ಹಲ್ಲನ್ನು ಮೆಲ್ಲಗೆ ಮುಟ್ಟಿ ನೋಡುವಳು, ಇದೆ. ಮತ್ತೆ ಮುಟ್ಟುವಳು, ಇದೆ.

ಗಂಡಿನ ಮನೆಯ ಬಾಗಿಲಲ್ಲಿ ಜಗದೇವಿ ಎರಡೂ ಕೈ ಚೌಕಟ್ಟಿಗೆ ಊರಿ, ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ನಿಂತಿದ್ದಳು. ಸೆರಗಿನೊಳಗಿಂದಲೇ ಗುನುಗಿದಳು, "ಹೆಸರ ಹೇಳಿ ಬರ್ರಿ. ಯಾವ ಹೆಸರಾದ್ರೂ ನಡೀತದ."

ಹೆಂಗಸರು ಕಿಸಕ್ಕೆಂದರು. ಸುಭದ್ರಾಬಾಯಿ ಹಿಂದೆ ತಿರುಗಿ ನೋಡಿದಳು. ಗುಂಪಿನ ಅಂಚಿನಲ್ಲಿ ಬಸವಂತರಾಯರು ಹೊಸ ಅಂಗಿ ತೊಟ್ಟು ನಿಂತಿದ್ದರು. ಅವರ ಕೈ ತಾನಾಗಿಯೇ ಎದೆಯ ಕಿಸೆಯನ್ನು ಅಗಲಿಸಿ ಹಿಡಿದಿತ್ತು, ಬೇಕಾದರೆ ಹಚ್ಚು ಎನ್ನುವ ಹಾಗೆ. ಆಕೆ ಸಿದ್ಧಮಾಡಿಕೊಂಡು ಬಂದಿದ್ದ ಒಡಪು ಅಲ್ಲಿಗೇ ಮರೆತುಹೋಯಿತು. ಬೇರೊಂದು ತಾನಾಗಿಯೇ ಬಾಯಿಗೆ ಬಂತು:

"ಹಸಿರ ಔಷಧ, ಬಿಳೀ ಅಂಗಿ, ಅಂಗಿಗೆ ಮೂರು ಕಿಸಿ,
ಸರೀ ಕಿಸಿ ತಿಳೀಲಾರದ ಸುರುವಿದೆ, ಸಖಿಯರು ನಕ್ಕಾರ ಮುಸಿಮುಸಿ,
ಸಿಟ್ಟಿಗೇಳದ ನಮ್ಮ ಬಸವಂತರಾಯ್ರು ತಿರಿವ್ಯಾರ ಮೀಸಿ!"

'ಸ' ಎಲ್ಲವೂ ಸಜ್ಜೆಯ ಕಾಳಿನ ಹಾಗೆ ಬಿಡಿಬಿಡಿಯಾಗಿ ಉದುರಿದವು. ಬಸವಂತರಾಯರು ಖರೆಯೇ ಮೀಸೆ ತಿರುವಿದರು. ಐಶ್ವರ್ಯಾ ಬಾಸಿಂಗ ಕಟ್ಟಿಕೊಂಡೇ ಕೇಕೆ ಹಾಕಿದಳು. "ಜಗದೇವಮ್ಮಾ, ಈಗ ನಿಮ್ಮದು, ನಿಮ್ಮದು!" ಎಂದು ಎರಡೂ ಕಡೆಯ ಹೆಂಗಸರು ಕೂಗಿದರು.

ಜಗದೇವಿ ಬೇಡವೆಂದು ತಲೆಯಾಡಿಸಿದಳು. ಯಾರೋ ಸೆರಗು ಎಳೆದರು. ಆಗ ಆಕೆ ಹೇಳಲೇಬೇಕಾಯಿತು. ಆಳಂದವಿಲ್ಲ, ತುಳಜಾಪುರವಿಲ್ಲ, ಬರೀ ಒಂದು ಸಾಲು. ಅದರ ತುದಿಗೆ, "...ಫೋಮಫೇಖರಪ್ಪ."

ಆಕೆಯ ಗಂಡ ಸೋಮಶೇಖರಪ್ಪ ಅಲ್ಲಿಯೇ ರೇಷ್ಮೆಯ ಕೋಟು ತೊಟ್ಟು ನಿಂತಿದ್ದರು. ಯಾರನ್ನೋ ಕರೆದರೆಂದು ಹಿಂದೆ ನೋಡಿದರು.

ಎಲ್ಲರೂ ನಕ್ಕರು, ಸುಭದ್ರಾಬಾಯಿಯ ಹೊರತು. ಆ ಸೆರಗು ಆಕೆಗೆ ಗೊತ್ತಿತ್ತು. ಜಗದೇವಿಯ ಕೈ ಹಿಡಿದು ಅಡುಗೆಮನೆಯ ಹಿಂದೆ ಕರೆದೊಯ್ದಳು.

"ಯಾವಾಗಿಂದ ರಕ್ತ ಬರಾಕತ್ತದ ಬೀಗತಿ?"

ಜಗದೇವಿ ಸುತ್ತ ನೋಡಿ ಪಿಸುಗುಟ್ಟಿದಳು, "ನಿಶ್ಚಯ ಆದಾಗಿಂದ. ನಿಮಗ ನಕ್ಕಿದ್ದಕ್ಕೇ ಬಂತೇನೋ."

"ಮಿಸ್ರಿ?"

ಜಗದೇವಿ ನೆಲ ನೋಡಿದಳು.

"ಬಿಡಬೇಕಾಗ್ತದ. ನಾನೂ ಬಿಟ್ಟೇನಿ. ಅಫಜಲಪುರಕ್ಕ ಬರ್ರಿ, ಧಮ್ಮಪಾಲ ಮಾಸ್ತರ ಮಗಳು ಅದಾಳ. ಮೊದ್ಲ ಕೆರೀತಾಳ. ಆಮ್ಯಾಲ," ಸುಭದ್ರಾಬಾಯಿ ಸೊಂಟದ ಸಂಚಿಯಿಂದ ಉಳಿದ ಟ್ಯೂಬು ತೆಗೆದು ಕೊಟ್ಟಳು, "ಇದನ್ನ ಕಿಸೆದಾಗ ಹಾಕಬೇಕು."

"ಕಿಸೆದಾಗ?"

"ಮುಂದಿನ ಕಿಸೆದಾಗ ಜರಾ ಹೆಚ್ಚ."

ಜಗದೇವಿ ಟ್ಯೂಬನ್ನು ನೋಡಿದಳು. ಆಮೇಲೆ ಅಡುಗೆಮನೆಯ ಬಾಗಿಲಿನಿಂದ, ಪಡಸಾಲೆಯಲ್ಲಿ ನಿಂತಿದ್ದ ರೇಷ್ಮೆಯ ಕೋಟನ್ನು ನೋಡಿದಳು. ಸುಭದ್ರಾಬಾಯಿ ತಿದ್ದಲು ಬಾಯಿ ತೆರೆದಳು. ಅಷ್ಟರಲ್ಲಿ ಎಲೆ ಹಾಕಿದ್ದಾರೆಂದು ಕೂಗು ಬಂತು.

ಹೇಳದೆ ಹೋಗುವಷ್ಟು ಕೆಟ್ಟವಳಲ್ಲ ಆಕೆ. ಹೇಳಿದಳು, ಎಲ್ಲವನ್ನೂ ಬಿಡಿಸಿ ಹೇಳಿದಳು. ಆದರೆ ಊಟ ಆದ ಮೇಲೆ, ಎರಡನೆಯ ಸರ್ತಿ ಹೋಳಿಗೆ ಬಡಿಸಿದ ಮೇಲೆ. ಅಷ್ಟೊತ್ತಿಗಾಗಲೇ ಸೋಮಶೇಖರಪ್ಪನವರು ಕರವಸ್ತ್ರಕ್ಕೆಂದು ಕಿಸೆಗೆ ಕೈಹಾಕಿ, ಹಾಕಿದ ಕೈಯನ್ನು ಅಲ್ಲಿಯೇ ಬಿಟ್ಟು, ಎದುರು ಕುಳಿತ ಬಸವಂತರಾಯರ ಮುಖವನ್ನೇ ನೋಡುತ್ತಿದ್ದರು.

"ಗಾಬರಿ ಆಗಬ್ಯಾಡ್ರಿ ಬೀಗರ," ಎಂದರು ಬಸವಂತರಾಯರು ಹೋಳಿಗೆ ಮುರಿಯುತ್ತ. "ಬಿಸಿ ನೀರಾಗ ಒಗದ್ರ ಹೋಗ್ತದ. ಹ್ಯಾಂಗ ಒಗ್ಯೂದು ನಾ ತೋರಸ್ತೇನಿ."